ಉಳ್ಳಾಗಡ್ಡಿಗೆ ಇದ್ದ ದಾರಿ ನಮಗಿರಲಿಲ್ಲ

ನಮ್ಮ ವಾಗದರಿ ಸೋಲಾಪುರ ಜಿಲ್ಲೆ, ಅಕ್ಕಲಕೋಟ ತಾಲೂಕಿನದು. ಆದರೆ ಬೀಗತನ, ಬಜಾರು ಆಳಂದದ ಕಡೆಗೂ ಇದೆ. 2020ರ ಮೇ 18ರಂದು ಕರ್ನಾಟಕ ಸರಕಾರ ಮಹಾರಾಷ್ಟ್ರದಿಂದ ಬರುವವರನ್ನು ತಿಂಗಳ ಕೊನೆಯ ತನಕ ತಡೆಯಿತು. ಅದೇ ವಾರ ಆಳಂದ ತಾಲೂಕಿನಲ್ಲಿದ್ದ ನನ್ನ ಅಕ್ಕ ತೀರಿಕೊಂಡಳು. ಚೆಕ್‌ಪೋಸ್ಟಿನಲ್ಲಿ ಕೈಮುಗಿದೆ. "ಪಾಸ್ ಇಲ್ಲಂದ್ರ ಬಿಡಾಂಗಿಲ್ಲ ಕಾಕಾ, ತಿರುಗಿ ಹೋಗ್ರಿ" ಅಂದರು. ಸರಕಿಗೆ ತಡೆಯಿರಲಿಲ್ಲ. ಕಣ್ಣೆದುರೇ ಉಳ್ಳಾಗಡ್ಡಿ ಲಾರಿ ದಾಟಿತು. ಉಳ್ಳಾಗಡ್ಡಿ ಬೆಳೆದವ ಅಕ್ಕನ ಮಣ್ಣಿಗೆ ಹೋಗಲಿಲ್ಲ. ಕನ್ನಡ, ತೆಲುಗು ಎರಡರಲ್ಲೂ ಪದ್ಯ ಕಟ್ಟುವವ ನಾನು. ಅಂದು ಎರಡರಲ್ಲೂ ಮಾತು ಹೊರಡಲಿಲ್ಲ.

ರೋಗ ತಡೆಯುವುದು ಬೇಡವಿತ್ತೆಂದು ನಾನು ಹೇಳುವುದಿಲ್ಲ. ದೇಶದ ಮೊದಲ ಕೋವಿಡ್ ಸಾವು ಆ ಮಾರ್ಚಿನಲ್ಲಿ ಕಲಬುರಗಿಯಲ್ಲೇ ಆಗಿತ್ತು. ಆದರೆ ತಲಪಾಡಿಯಲ್ಲಿ ರಸ್ತೆ ಮುಚ್ಚಿ, ಕಾಸರಗೋಡಿನ ರೋಗಿಗಳು ಮಂಗಳೂರಿಗೆ ಹೋಗಲಾರದಾದಾಗ ವ್ಯಾಜ್ಯ ಸುಪ್ರೀಂ ಕೋರ್ಟಿನ ತನಕ ಹೋಯಿತು. ಏಪ್ರಿಲಿನಲ್ಲಿ ತುರ್ತು ರೋಗಿಗಳಿಗೆ ದಾರಿಯಾಯಿತು. ಮನಸ್ಸಿದ್ದರೆ ಮಾರ್ಗ.

ರೈತ ಬಾಂಧವರೇ, ಅಡತಿಯವರೇ, ನಾವೂ ಕೇಳೋಣ. ಸೋಲಾಪುರ, ಕಲಬುರಗಿ ಜಿಲ್ಲಾಧಿಕಾರಿಗಳು ಈಗಲೇ ಕೂತು ಗಡಿಹಳ್ಳಿಗಳ ಪಟ್ಟಿ ಮಾಡಲಿ. ಸಾವು, ಹೆರಿಗೆ, ದವಾಖಾನೆ, ಹೊಲದ ಕೆಲಸ ಇವಕ್ಕೆ ಗ್ರಾಮ ಪಂಚಾಯಿತಿಯ ಚೀಟಿ ಸಾಕೆಂದು ಬರೆದಿಡಲಿ. ಮುಂದಿನ ರೋಗ ಹೇಳಿ ಬರುವುದಿಲ್ಲ. ಚೀಟಿಯಾದರೂ ಮೊದಲೇ ತಯಾರಿರಲಿ.