94 ಅಂದರೆ ಸಾಲದು, ಎಷ್ಟು ಆಕ್ಸಿಜನ್ ಕೊಟ್ಟಾಗ?

ಕೋವಿಡ್ ಬಂದುಹೋದ ಮೇಲೆ ನಮ್ಮ ಮೆಲ್ಕಾರ್ ಸುತ್ತಮುತ್ತ ಆಕ್ಸಿಮೀಟರ್ ಗೊತ್ತಿಲ್ಲದವರು ಕಡಿಮೆ. ‘ಆಕ್ಸಿಜನ್ 94 ಇದೆ, ಹೆದರಬೇಡಿ’ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಎಂಜಿನಿಯರಿಂಗ್ ಓದುತ್ತಿರುವ ನನಗೆ ಅದು ಅರ್ಧ ಲೆಕ್ಕ ಅನ್ನಿಸುತ್ತದೆ. ಇನ್‌ಪುಟ್ ಎಷ್ಟೆಂದು ಕೇಳದೆ ಔಟ್‌ಪುಟ್ ಮಾತ್ರ ನೋಡಿ ಯಂತ್ರ ಸರಿಯಿದೆ ಎನ್ನಲಾದೀತೇ?

ಮಳೆಗಾಲ ಬಂತೆಂದರೆ ನಮ್ಮ ಜಿಲ್ಲೆಯಲ್ಲಿ ಡೆಂಗಿ, ಮಲೇರಿಯಾ, ಇಲಿಜ್ವರದ ಭಯ. ಇವು ಅಥವಾ ನ್ಯುಮೋನಿಯಾ ಉಲ್ಬಣಿಸಿದರೆ ಕೆಲವರಿಗೆ ಎಆರ್‌ಡಿಎಸ್ ಎಂಬ ತೀವ್ರ ಉಸಿರಾಟದ ತೊಂದರೆ ಬರಬಹುದು. ಶ್ವಾಸಕೋಶದ ಗಾಳಿಚೀಲಗಳಲ್ಲಿ ದ್ರವ ತುಂಬಿ, ಕೊಟ್ಟ ಆಮ್ಲಜನಕ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ವೈದ್ಯರು ಇದನ್ನು 1967ರಲ್ಲೇ ವಿವರಿಸಿದ್ದರು. ಆದರೂ 50 ದೇಶಗಳ ಐಸಿಯುಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹತ್ತರಲ್ಲಿ ನಾಲ್ಕು ಪ್ರಕರಣಗಳನ್ನು ವೈದ್ಯರು ಗುರುತಿಸಿರಲಿಲ್ಲ.

2012ರ ಬರ್ಲಿನ್ ಮಾನದಂಡಕ್ಕೆ ರಕ್ತದ ಅನಿಲ ಪರೀಕ್ಷೆ, ವೆಂಟಿಲೇಟರ್ ಎರಡೂ ಬೇಕಿತ್ತು. ಇವು ಸುಲಭಕ್ಕೆ ಸಿಗದ ರುವಾಂಡಾದ ಕಿಗಾಲಿಯಲ್ಲಿ ವೈದ್ಯರು ಆಕ್ಸಿಮೀಟರ್ ಮತ್ತು ಅಲ್ಟ್ರಾಸೌಂಡ್‌ನಿಂದಲೇ ಕಾಯಿಲೆ ಗುರುತಿಸುವ ದಾರಿ ತೋರಿಸಿದರು. 2023ರ ಜಾಗತಿಕ ವ್ಯಾಖ್ಯೆ ಅದನ್ನು ಒಪ್ಪಿಕೊಂಡಿತು.

ಲೆಕ್ಕ ಸುಲಭ. ಹೊರಗಿನ ಗಾಳಿಯಲ್ಲಿ ಆಮ್ಲಜನಕ ಶೇ 21. ಆ ಗಾಳಿಯಲ್ಲೇ 94 ತೋರಿಸಿದರೆ, 94ನ್ನು 0.21ರಿಂದ ಭಾಗಿಸಿ: ಸುಮಾರು 448. ಮಾಸ್ಕ್ ಮೂಲಕ ಶೇ 40 ಕೊಟ್ಟಾಗಲೂ ಅದೇ 94 ಬಂದರೆ ಉತ್ತರ 235. ಆಕ್ಸಿಮೀಟರ್ 97 ಅಥವಾ ಅದಕ್ಕಿಂತ ಕಡಿಮೆ ತೋರಿಸುವಾಗ ಈ ಉತ್ತರ 315 ಅಥವಾ ಅದಕ್ಕಿಂತ ಕೆಳಗಿದ್ದರೆ ಎಚ್ಚರಿಕೆಯ ಗಂಟೆ. ಅದೊಂದೇ ಸಾಲದು ನಿಜ. ಮೂಲ ಕಾಯಿಲೆ ಬಂದು ವಾರದೊಳಗೆ ಉಸಿರಾಟ ಕೆಟ್ಟಿರಬೇಕು, ಎಕ್ಸ್‌ರೇ ಅಥವಾ ಅಲ್ಟ್ರಾಸೌಂಡ್‌ನಲ್ಲಿ ಎರಡೂ ಶ್ವಾಸಕೋಶಗಳಲ್ಲಿ ಬದಲಾವಣೆ ಕಾಣಬೇಕು, ಹೃದಯದ ತೊಂದರೆಯೇ ಮುಖ್ಯ ಕಾರಣವಲ್ಲ ಎಂದು ವೈದ್ಯರು ನೋಡಬೇಕು.

ಬಂಟ್ವಾಳದಿಂದ ಮಂಗಳೂರಿಗೆ ರೋಗಿಯನ್ನು ಕಳಿಸುವಾಗ ಚೀಟಿಯಲ್ಲಿ ಎರಡು ಅಂಕಿಗಳಿರಲಿ: ಆಕ್ಸಿಮೀಟರ್ ತೋರಿಸಿದ್ದು ಮತ್ತು ಆಗ ಕೊಡುತ್ತಿದ್ದ ಆಮ್ಲಜನಕ. ಇದಕ್ಕೆ ಹೊಸ ಯಂತ್ರ ಬೇಡ, ಪೆನ್ನು ಸಾಕು. ಮನೆಯವರೂ ‘94 ಇದೆ’ ಅಂದಾಗ ಸುಮ್ಮನಾಗದೆ, ‘ಎಷ್ಟು ಆಕ್ಸಿಜನ್ ಕೊಟ್ಟಾಗ?’ ಎಂದು ಕೇಳೋಣ. ಕೇಳಲು ಡಾಕ್ಟರೇ ಆಗಿರಬೇಕಿಲ್ಲ.