ಅಪ್ಪನ ಫಿಯಟ್ಟೂ ಎಂಟರಂಥ ಮೂರೂ

ಮಕ್ಕಳೇ, ಕಳೆದ ವಾರ ನನ್ನ ಮೊಮ್ಮಗ ಒಂದು ಪ್ರಶ್ನೆ ಕೇಳಿದ. “ಅಜ್ಜಿ, ಮನುಷ್ಯರಿಗೆ ಜನನ ಪತ್ರ ಇರುತ್ತೆ, ಸತ್ತರೆ ಮರಣ ಪತ್ರ ಇರುತ್ತೆ. ಕಾರಿಗೂ ಹಾಗೇನಾ?” ಹೌದಪ್ಪ, ಕಾರಿಗೂ ಒಂದು ಜಾತಕ ಇರುತ್ತದೆ. ಅದಕ್ಕೆ ಆರ್‌.ಸಿ. ಅನ್ನುತ್ತಾರೆ. ಆ ಜಾತಕ ಸರಿಮಾಡಿಸಲು 2023ರಲ್ಲಿ ನಾನು ಪಟ್ಟ ಪಾಡನ್ನೇ ಈ ವಾರ ಹೇಳುತ್ತೇನೆ.

ನನ್ನ ಅಪ್ಪ ಮಲೆನಾಡಿನಲ್ಲಿ ಡಾಕ್ಟರು. 1967ರಲ್ಲಿ ಒಂದು ಫಿಯಟ್ 1100 ಕೊಂಡರು. ಆಗ ಕಾರು ಬೇಕೆಂದರೆ ಹಣವಿದ್ದರೆ ಸಾಲದು, ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಮುಂಬಯಿಯ ಕುರ್ಲಾದ ಕಾರ್ಖಾನೆಯಲ್ಲಿ ತಯಾರಾದ ಗಾಡಿ ಅದು. ಗೇರು ಈಗಿನ ಹಾಗೆ ನೆಲದಲ್ಲಿಲ್ಲ, ಸ್ಟಿಯರಿಂಗ್ ಪಕ್ಕದಲ್ಲಿ ಕೊಂಬಿನ ಹಾಗೆ ಚಾಚಿಕೊಂಡಿರುತ್ತದೆ. ಮುಂದಿನ ಸೀಟು ಒಂದೇ ಉದ್ದನೆಯ ಬೆಂಚು. ಆಗಿನ್ನೂ ನಮ್ಮ ರಾಜ್ಯಕ್ಕೆ ಮೈಸೂರು ಎಂಬ ಹೆಸರೇ ಇತ್ತು. ಹಾಗಾಗಿ ನಂಬರು ಶುರುವಾಗುವುದು ಎಂ.ವೈ. ಎಂದು. ಕೆ.ಎ. ಎಂದು ಬರೆಯುವುದು ಬಂದದ್ದು 1989ರಲ್ಲಿ.

ಅಪ್ಪ 1988ರಲ್ಲಿ ಹೋದರು. ಆಮೇಲೆ ಅಣ್ಣ 2009ರವರೆಗೂ ಓಡಿಸಿದ. ಆಮೇಲೆ ಕಾರು ಅಡಕೆ ಕೊಟ್ಟಿಗೆ ಸೇರಿತು. ಅದರ ಮೇಲೆ ಕೋಳಿ ಮೊಟ್ಟೆ ಇಟ್ಟಿದ್ದನ್ನು ನಾನೇ ನೋಡಿದ್ದೇನೆ. 2019ರಲ್ಲಿ ಅಣ್ಣನೂ ಹೋದ. ಕೊಟ್ಟಿಗೆ ಕೆಡವುವ ಮಾತು ಬಂತು, ಗುಜರಿಯವನು ಬಂದು ತೂಕದ ಲೆಕ್ಕ ಹಾಕಿ ಹೋದ. ಅತ್ತಿಗೆ ನನಗೆ ಫೋನು ಮಾಡಿ, “ನಿನಗೆ ಬೇಕಿದ್ದರೆ ಹೇಳು, ಬರುವ ಸೋಮವಾರ ಲಾರಿ ಬರುತ್ತೆ” ಎಂದಳು.

ಬೇಕು ಎಂದುಬಿಟ್ಟೆ. ಎಂದ ಮೇಲೆ ಗೊತ್ತಾಯಿತು, ಆರ್‌.ಸಿ. ಇನ್ನೂ ಅಪ್ಪನ ಹೆಸರಲ್ಲೇ ಇದೆ! ಮಾಲೀಕರು ತೀರಿಕೊಂಡರೆ ಮೂರು ತಿಂಗಳೊಳಗೆ ವಾರಸುದಾರರು 31ನೇ ನಮೂನೆಯಲ್ಲಿ ಅರ್ಜಿ ಹಾಕಬೇಕಂತೆ. ನಾವು ಹೋದದ್ದು ಮೂವತ್ತೈದು ವರ್ಷದ ಮೇಲೆ. ಕಚೇರಿಯ ಗುಮಾಸ್ತರು ಮರಣ ಪತ್ರದ ಇಸವಿ ಓದಿ, ಕನ್ನಡಕ ತೆಗೆದು ಒರೆಸಿ, ಇನ್ನೊಮ್ಮೆ ಓದಿದರು. ಬೈಯಲಿಲ್ಲ. ಬೇಕಾದ ಕಾಗದಗಳ ಪಟ್ಟಿ ಬರೆದುಕೊಟ್ಟರು.

ಮೊದಲು ತೆರಿಗೆ. ಅಪ್ಪನ ಕಾಲದಲ್ಲಿ ಮೂರು ತಿಂಗಳಿಗೋ ವರ್ಷಕ್ಕೋ ಒಮ್ಮೆ ರಸ್ತೆ ತೆರಿಗೆ ಕಟ್ಟಬೇಕಿತ್ತು. ಮುಂದೆ ಆಜೀವ ತೆರಿಗೆ ಬಂತು, ಅಂದರೆ ಒಮ್ಮೆ ಕಟ್ಟಿದರೆ ಗಾಡಿ ಇರುವಷ್ಟು ಕಾಲ ನಿಶ್ಚಿಂತೆ. ಅಣ್ಣ ಕಟ್ಟಿದ್ದಾನೋ ಇಲ್ಲವೋ? ರಸೀದಿ ಇಲ್ಲದಿದ್ದರೆ ಕಟ್ಟಿದರೂ ಕಟ್ಟದ ಹಾಗೇ. ಮೂರು ದಿನ ಟ್ರಂಕುಗಳನ್ನೆಲ್ಲ ಹುಡುಕಿದೆವು. ಕೊನೆಗೆ ಸಿಕ್ಕಿದ್ದು ಹಳೆಯ ಪಂಚಾಂಗಗಳ ಕಟ್ಟಿನಲ್ಲಿ, ಮಡಿಕೆ ಮಡಿಕೆಯಾಗಿ. ಅಣ್ಣ ಜೀವನದಲ್ಲಿ ಒಂದೇ ಒಂದು ಕಾಗದವನ್ನು ಜೋಪಾನ ಮಾಡಿದ್ದರೆ ಅದು ಇದೇ ಇರಬೇಕು. ಹಸಿರು ತೆರಿಗೆ ಎಂದು 500 ರೂಪಾಯಿ ಬೇರೆ ಇತ್ತು. ಹಳೆಯ ಗಾಡಿ ಹೊಗೆ ಜಾಸ್ತಿ ಬಿಡುತ್ತದಲ್ಲ, ಅದಕ್ಕೆ.

ಆಮೇಲೆ ಸಹಿಗಳು. ಕಾರು ನನ್ನ ಹೆಸರಿಗೆ ಬರಬೇಕಾದರೆ ಉಳಿದ ವಾರಸುದಾರರ ಒಪ್ಪಿಗೆ ಬೇಕು. ಅತ್ತಿಗೆ ಆ ಕ್ಷಣವೇ ಹಾಕಿದಳು. ಉಳಿದವನು ತಮ್ಮ. ತೋಟದ ಪಾಲಿನ ವಿಷಯಕ್ಕೆ ನಾನೂ ಅವನೂ ಮಾತು ಬಿಟ್ಟು ಹನ್ನೆರಡು ವರ್ಷ ಆಗಿತ್ತು. ಮಗನ ಕೈಲಿ ಕಾಗದ ಕಳಿಸೋಣ ಎಂದುಕೊಂಡೆ. ಆದರೆ ಸಹಿ ಬೇಕಾಗಿದ್ದು ನನಗೆ. ನಾನೇ ಹೋದೆ. ಅವನು ಜಗಲಿಯಲ್ಲಿ ಕೂತು ಕಾಗದವನ್ನು ಬಹಳ ಹೊತ್ತು ಓದಿದ. ಒಳಗಿಂದ ಕಾಫಿ ಬಂತು, ಆರಿಯೂ ಹೋಯಿತು. ಕಡೆಗೆ ತಲೆ ಎತ್ತದೆಯೇ ಕೇಳಿದ: “ಹಿಂದಿನ ಎಡಗಡೆ ಬಾಗಿಲು ಈಗಲೂ ಒದ್ದರೇ ತೆಗೆಯೋದಾ?” ಹೌದು ಎಂದೆ. ಸಹಿ ಹಾಕಿದ.

ಇಷ್ಟಾದ ಮೇಲೆ ಮುಗಿಯಿತು ಅಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡಿದ್ದೆ. ನಮ್ಮ ಕಾರಿನ ವಿವರ ಕಂಪ್ಯೂಟರಿನಲ್ಲಿ ಇರಲೇ ಇಲ್ಲ. ಕೈಬರಹದ ಆರ್‌.ಸಿ. ಪುಸ್ತಕ ನೋಡಿ ಹೊಸದಾಗಿ ಸೇರಿಸಬೇಕಿತ್ತು. ಪುಸ್ತಕದಲ್ಲಿ ಚಾಸಿಸ್ ನಂಬರಿನ ಒಂದು ಅಂಕಿ ಎಂಟರ ಹಾಗಿತ್ತು. ಕಾರಿನ ಮೇಲೆ ಕೊರೆದ ಅಂಕಿ ತುಕ್ಕು ಹಿಡಿದು, ಮೂರೋ ಎಂಟೋ ತಿಳಿಯದು. ಎರಡೂ ಕಡೆ ಒಂದೇ ಇರದಿದ್ದರೆ ಕದ್ದ ಗಾಡಿಯೋ ಎಂಬ ಅನುಮಾನ ಬರುತ್ತದೆ, ಕಡತ ಅಲ್ಲೇ ನಿಲ್ಲುತ್ತದೆ. ಅದು ತಪ್ಪೂ ಅಲ್ಲ.

ಅರ್ಜಿಗೆ ಚಾಸಿಸ್ ನಂಬರಿನ ಪೆನ್ಸಿಲ್ ಅಚ್ಚು ಅಂಟಿಸಬೇಕು. ನಾಣ್ಯದ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜುತ್ತೀರಲ್ಲ, ಅದೇ ಆಟ! ಮೆಕ್ಯಾನಿಕ್ ಉಜ್ಜಿದ್ದು ಬರೀ ಕಪ್ಪು ಮಸಿಯಾಗಿತ್ತು. ಆಗ ಐದನೇ ಕ್ಲಾಸಿನಲ್ಲಿದ್ದ ಮೊಮ್ಮಗ, “ಕಾಗದ ದಪ್ಪ ಆಯ್ತು ಅಜ್ಜಿ” ಎಂದು ತನ್ನ ಚೀಲದಿಂದ ನಕಾಶೆ ಬಿಡಿಸುವ ಟ್ರೇಸಿಂಗ್ ಹಾಳೆ ತಂದ. ತುಕ್ಕನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಪೆನ್ಸಿಲನ್ನು ಮಲಗಿಸಿ ಮೆಲ್ಲಗೆ ಉಜ್ಜಿದ. ಎಡಗಡೆ ಬಾಯಿ ತೆರೆದ ಸ್ಪಷ್ಟ ಮೂರು! ಕಚೇರಿಯಲ್ಲಿ ಅದೇ ಗುಮಾಸ್ತರು 1967ರ ದಪ್ಪ ರಿಜಿಸ್ಟರು ಹುಡುಕಿಸಿ ತೆಗೆದರು. ಅಲ್ಲೂ ಮೂರೇ. ನಮ್ಮ ಪುಸ್ತಕದಲ್ಲಿ ಶಾಯಿ ಹರಡಿ ಮೂರು ಹೋಗಿ ಎಂಟಾಗಿತ್ತು.

ನನ್ನ ವಯಸ್ಸಿನ ಓದುಗರಿಗೆ ಒಂದು ಮಾತು. 2021ರಿಂದ ಕೇಂದ್ರ ಸರ್ಕಾರದ ಹೊಸ ನಿಯಮವಿದೆ. ಐವತ್ತು ವರ್ಷ ದಾಟಿದ, ಮೂಲ ರೂಪ ಕೆಡದ ಕಾರು, ಸ್ಕೂಟರುಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಹತ್ತು ವರ್ಷದ ಅವಧಿ, ನಂಬರಿನ ನಡುವೆ ವಿ.ಎ. ಎಂಬ ಅಕ್ಷರ. ಹಳೆಯ ನೋಂದಣಿ ಇರುವವರು ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ನಮ್ಮ ಕಾರು ಅದಕ್ಕೆ ಸಲ್ಲುತ್ತಿತ್ತು. ಡೀಸೆಲ್ ಎಂಜಿನ್ ಕೂರಿಸಿ ಎಂದು ಎಷ್ಟು ಜನ ಹೇಳಿದರೂ ಅಣ್ಣ ಕೇಳಿರಲಿಲ್ಲ. ಆದರೆ ವಿಂಟೇಜ್ ಆದರೆ ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲು, ಇಂಥವಕ್ಕೆ ಮಾತ್ರ. ನನಗೆ ಸಂತೆಗೆ ಹೋಗುವ ಕಾರು ಬೇಕಿತ್ತು, ನೋಡಿ ಹೋಗುವ ಕಾರಲ್ಲ. ಆದ್ದರಿಂದ ಸಾಮಾನ್ಯ ನವೀಕರಣವೇ ಸಾಕೆಂದೆ. ಅದಕ್ಕೆ ಆಗ 5,000 ರೂಪಾಯಿ, ತಡಮಾಡಿದ್ದಕ್ಕೆ ತಿಂಗಳಿಗೆ 500ರಂತೆ ದಂಡ. ಬ್ರೇಕು, ದೀಪ, ಹಾರ್ನು, ಹೊಗೆ ಎಲ್ಲದರ ಪರೀಕ್ಷೆ. ದಂಡ ಕಟ್ಟುವಾಗ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ಐದು ವರ್ಷಕ್ಕೆ ಸಿಕ್ಕಿದೆ. 2028ರಲ್ಲಿ ಮತ್ತೆ ಹೋಗಬೇಕು. ಎಂ.ವೈ. ನಂಬರು ಹಾಗೇ ಇದೆ, ಸಂತೆಯಲ್ಲಿ ನಿಲ್ಲಿಸಿದರೆ ಹುಡುಗರು ಬಂದು ಯಾವ ದೇಶದ ಕಾರು ಎಂದು ಕೇಳುತ್ತಾರೆ. ಹಿಂದಿನ ಎಡ ಬಾಗಿಲನ್ನು ಮಾತ್ರ ರಿಪೇರಿ ಮಾಡಿಸಿಲ್ಲ. ತಮ್ಮ ಬಂದಾಗಲೆಲ್ಲ ಅವನೇ ಒದ್ದು ತೆಗೆಯುತ್ತಾನೆ.