ಗೀಜರು ಕೊಂಡದ್ದಾಯಿತು, ನಾಬ್ ತಿರುಗಿಸುವವರು ಯಾರು?

ನಗರಗೆರೆ ಕಡೆಯ ಬಚ್ಚಲುಮನೆಗಳಲ್ಲಿ ಹಂಡೆ ಒಲೆಗೆ ಕಾಲ ಮುಗಿಯುತ್ತಾ ಬಂತು. ಹಂಡೆಗೆ ಥರ್ಮೋಸ್ಟಾಟ್ ಇರಲಿಲ್ಲ, ನಿಜ. ಆದರೆ ನೀರು ಕಾದರೆ ಸೌದೆ ಹಿಂದಕ್ಕೆಳೆಯುವ ಅಜ್ಜಿ ಇದ್ದರು. ಈಗ ಗೋಡೆಗೆ ಗೀಜರು ಬಂದಿದೆ. ಹಿಂದಕ್ಕೆಳೆಯುವವರು ಇಲ್ಲ!

ಗೌರಿಬಿದನೂರಿನ ಅಂಗಡಿಗೆ ಹೋದವರು ಕೇಳೋದು ಎರಡೇ ಮಾತು: "ಎಷ್ಟು ಲೀಟರಿಂದು? ಎಷ್ಟಕ್ಕೆ ಕೊಡ್ತೀರಿ?" ಬಿಸಿ ಎಷ್ಟಿರಬೇಕೆಂದು ನಿಗದಿ ಮಾಡುವ ನಾಬ್ ಎಲ್ಲಿದೆ ಎಂದು ಕೇಳುವವರು ಅಪರೂಪ. ದುಡ್ಡು ಸೋರುವುದು ಅಲ್ಲೇ.

ಬಿಸಿನೀರಿಗೆ ತಣ್ಣೀರು ಬೆರೆಸಿಕೊಳ್ತೀವಲ್ಲ, ನಷ್ಟ ಏನು ಎಂಬ ವಾದವುಂಟು. ಬಳಸಿದ ನೀರಿನ ಮಟ್ಟಿಗೆ ಅದು ಸರಿಯೇ. ಆದರೆ ಗೀಜರಿನಿಂದ ಬಿಸಿನೀರು ಹೊರಬಂದಷ್ಟೂ ತಣ್ಣೀರು ಒಳಹೋಗುತ್ತದೆ. ಕೊನೆಯವರ ಸ್ನಾನ ಮುಗಿದ ಮೇಲೂ ಸ್ವಿಚ್ಚು ಹಾಕಿಯೇ ಇದ್ದರೆ ಇಡೀ ಟ್ಯಾಂಕು ಮತ್ತೆ ಕಾಯುತ್ತದೆ. ಮನೆಯವರೋ ಬಸ್ ಸ್ಟ್ಯಾಂಡಿನಲ್ಲಿ!

ಲೆಕ್ಕ ನೋಡಿ. 22 ಡಿಗ್ರಿಯ 15 ಲೀಟರ್ ನೀರನ್ನು 70 ಡಿಗ್ರಿಗೆ ಕಾಯಿಸಲು ಸುಮಾರು 0.84 ಯೂನಿಟ್ ಬೇಕು. 50 ಡಿಗ್ರಿಗಾದರೆ 0.49 ಸಾಕು. ದಿನವೂ ಹೀಗೆ ಕಾದ ನೀರು ಸುಮ್ಮನೆ ಆರಿಹೋದರೆ ತಿಂಗಳಿಗೆ 25 ಯೂನಿಟ್ ಗಾಳಿಗೆ. ನಾಬ್ 50ರಲ್ಲಿದ್ದರೆ 15. ಕೊನೆಯ ಸ್ನಾನಕ್ಕೆ ಮೊದಲೇ ಸ್ವಿಚ್ಚು ಆರಿಸಿದರೆ ಅದೂ ಉಳಿತಾಯ.

ಹತ್ತಿಪ್ಪತ್ತು ಯೂನಿಟ್ ತಾನೇ ಎನ್ನಬೇಡಿ. 2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಚಳಿಗಾಲದಲ್ಲಿ 190ರ ಆಸುಪಾಸಿನಲ್ಲಿರುವ ಮನೆಯನ್ನು ಗೆರೆ ದಾಟಿಸಲು ಒಂದು ಗೀಜರು ಸಾಕು.

ಇನ್ನು ನಮ್ಮ ಬೋರ್‌ವೆಲ್ ನೀರು. ಗಡಸು ನೀರನ್ನು 60 ಡಿಗ್ರಿ ಮೀರಿ ಕಾಯಿಸಿದಷ್ಟೂ ಕಾಯಿಲ್ ಮೇಲೆ ಸುಣ್ಣ ಬೇಗ ಕಟ್ಟುತ್ತದೆ. ಆಮೇಲೆ ಕಾಯಿಲ್ ಸುಟ್ಟಿತು ಅಂತ ಕಂಪನಿಯನ್ನು ಬೈದರೆ ಏನು ಬಂತು?

ಹಾಗಾದರೆ ಕೊಳ್ಳುವಾಗ ನೋಡಬೇಕಾದ್ದು ಮೂರು. ನಾಬ್ ಹೊರಗೇ ಇರಬೇಕು, ಡಿಗ್ರಿ ಗುರುತಿರಬೇಕು. ಥರ್ಮೋಸ್ಟಾಟ್ ಕೆಟ್ಟರೆ ಕರೆಂಟು ಕಡಿಯುವ ಕಟ್‌ಔಟ್ ಬೇರೆಯಾಗಿ ಇರಬೇಕು. ಸ್ಟಾರ್ ಚೀಟಿಯಲ್ಲಿ, ನೀರು ಸುಮ್ಮನೆ ನಿಂತಾಗ ದಿನಕ್ಕೆ ಎಷ್ಟು ಯೂನಿಟ್ ನಷ್ಟ ಎಂದು ಬರೆದಿರುತ್ತದೆ. ಅದು ಕಡಿಮೆ ಇದ್ದಷ್ಟೂ ಒಳ್ಳೆಯದು. ನಾಬ್ ಮುಚ್ಚಳದ ಒಳಗಿದ್ದರೆ ಎಲೆಕ್ಟ್ರಿಷಿಯನ್ ಕೈಯಲ್ಲೇ ತಿರುಗಿಸಿ, ತಾವೇ ಬಿಚ್ಚಬೇಡಿ.

ಒಂದು ಎಚ್ಚರಿಕೆ. ಉಗುರುಬೆಚ್ಚಗಿನ ನೀರು ದಿನಗಟ್ಟಲೆ ನಿಂತರೆ ರೋಗಾಣು ಬೆಳೆಯುತ್ತದೆ. ಚಳಿದೇಶಗಳಲ್ಲಿ ಸದಾ ಬಿಸಿಯಾಗಿಡುವ ಟ್ಯಾಂಕಿಗೆ 60 ಡಿಗ್ರಿ ಎಂದು ಹೇಳುವುದು ಅದಕ್ಕೇ. ವಾರಕ್ಕೊಮ್ಮೆ 60ಕ್ಕೇರಿಸಿ ಒಂದು ಗಂಟೆ ಬಿಟ್ಟು ಮತ್ತೆ 50ಕ್ಕೆ ಇಳಿಸಿದರೆ ಒಳ್ಳೆಯದು.

ಅಂಗಡಿಯವರಿಗೂ ಒಂದು ಮಾತು. ಗೀಜರು ಕೂರಿಸಲು ಹೋದ ಹುಡುಗ ನಾಬನ್ನು 50ಕ್ಕೆ ಇಟ್ಟು, ಮನೆಯ ಹೆಂಗಸರಿಗೆ ತೋರಿಸಿ ಬರಲಿ. ಐದು ನಿಮಿಷದ ಕೆಲಸ. ಬೆಸ್ಕಾಂನವರೂ ಬಿಲ್ಲಿನ ಮೇಲೆ ಇದೊಂದು ಸಾಲು ಅಚ್ಚು ಹಾಕಿಸಬಹುದು. ಸ್ಟಾರ್ ಎಷ್ಟಿದ್ದರೇನು, ತಿರುಗಿಸುವ ಕೈ ಬೇಡವೇ?